ಪೆಟ್ರೋಲು ಉಳಿಸುವ ಟೈರು: ಎಷ್ಟು ನಿಜ, ಎಷ್ಟು ಮಾತು?

ನಮ್ಮ ಸೇಲಂ, ಧರ್ಮಪುರಿ ಸೀಮೆಯ ಕನ್ನಡ ಹಳ್ಳಿಗಳಲ್ಲಿ ಈಗ ಕಾರು ಅಪರೂಪದ ವಸ್ತುವಲ್ಲ. ರೇಷ್ಮೆಗೂಡನ್ನು ಧರ್ಮಪುರಿಯ ಮಾರುಕಟ್ಟೆಗೆ ಒಯ್ಯುವುದಕ್ಕೂ, ಬಾಣಂತಿಯನ್ನು ಸೇಲಂ ಆಸ್ಪತ್ರೆಯಿಂದ ಮನೆಗೆ ಕರೆತರುವುದಕ್ಕೂ, ಮನೆಮಂದಿಯೆಲ್ಲ ಮೇಟೂರು, ಕೊಳತ್ತೂರು ಮಾರ್ಗವಾಗಿ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗಿ ಬರುವುದಕ್ಕೂ ಕಾರೇ ಬೇಕಾಗಿದೆ. ಬಾಡಿಗೆ ಕಾರು ಓಡಿಸಿ ಸಂಸಾರ ಸಾಗಿಸುವ ಹುಡುಗರು ಊರೂರಿಗೂ ಇದ್ದಾರೆ. ಇವರೆಲ್ಲರೂ ಟೈರು ಸವೆದು ಅಂಗಡಿಯ ಮೆಟ್ಟಿಲು ಹತ್ತಿದಾಗ ಒಂದು ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ: “ಸಾಮಾನ್ಯ ಟೈರು ಹಾಕಲೇ, ಪೆಟ್ರೋಲು ಉಳಿಸುವ ಟೈರು ಹಾಕಲೇ?” ಎರಡನೆಯದಕ್ಕೆ ಬೆಲೆ ತುಸು ಹೆಚ್ಚು. ಕೊಟ್ಟ ಹಣ ಮರಳಿ ಬರುವುದೇ ಎಂಬುದು ಕೊಳ್ಳುವವರ ಚಿಂತೆ.

ಈ ವಿಷಯದಲ್ಲಿ ಕಾರು ಓಡಿಸುವವರನ್ನು ವಿಚಾರಿಸಿದಾಗ ನಮಗೆ ಮೂರು ಬಗೆಯ ಉತ್ತರ ದೊರೆಯಿತು. “ಹೊಸ ಟೈರು ಹಾಕಿದ ಮೇಲೆ ಲೀಟರಿಗೆ ಮೂರು ಕಿಲೋಮೀಟರು ಹೆಚ್ಚು ಬಂತು” ಎಂದರು ಒಬ್ಬರು. “ನನಗೆ ಇದ್ದ ಮೈಲೇಜೂ ಇಳಿಯಿತು, ಅಂಗಡಿಯವನು ಮೋಸ ಮಾಡಿದ” ಎಂದರು ಇನ್ನೊಬ್ಬರು. ಮೂರನೆಯವನು ಬಾಡಿಗೆ ಕಾರಿನ ಹುಡುಗ. ಅವನು ನಕ್ಕು, “ಮೇಷ್ಟ್ರೇ, ಸವೆದ ಟೈರಿಗಿಂತ ಮೈಲೇಜು ಕೊಡುವ ಟೈರು ಇನ್ನೊಂದಿಲ್ಲ. ನೂಲು ಕಾಣುವವರೆಗೆ ನಾನು ಬದಲಾಯಿಸುವುದಿಲ್ಲ” ಎಂದ.

ಮೂವರೂ ಸುಳ್ಳು ಹೇಳುವವರಲ್ಲ. ಮೂವರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವುಂಟು. ಆದರೆ ಅರ್ಧ ಸತ್ಯವನ್ನು ನಂಬಿ ಹಣ ಕಳೆದುಕೊಳ್ಳುವುದೂ ಉಂಟು, ಪ್ರಾಣ ಕಳೆದುಕೊಳ್ಳುವುದೂ ಉಂಟು. ಆದಕಾರಣ ವಿಷಯವನ್ನು ಬುಡದಿಂದ ನೋಡೋಣ.

ಡನ್ಲಪ್ ಗಾಡಿಯ ಪಾಠ

ನಮ್ಮ ಹಿರಿಯರು ಕಬ್ಬಿಣದ ಪಟ್ಟಿ ಹೊಡೆದ ಮರದ ಚಕ್ರದ ಗಾಡಿಯನ್ನು ಕಂಡವರು. ಆಮೇಲೆ ರಬ್ಬರು ಟೈರಿನ ಗಾಡಿ ಬಂತು. ಅದನ್ನು ಇಂದಿಗೂ ‘ಡನ್ಲಪ್ ಗಾಡಿ’ ಎಂದೇ ಕರೆಯುತ್ತೇವೆ. ಈ ಹೆಸರು ಬಂದದ್ದು ಜಾನ್ ಬಾಯ್ಡ್ ಡನ್ಲಪ್ ಎಂಬಾತನಿಂದ. ಆತ ಐರ್ಲೆಂಡಿನ ಬೆಲ್‌ಫಾಸ್ಟ್ ಪಟ್ಟಣದಲ್ಲಿ ದನಕರುಗಳ ವೈದ್ಯನಾಗಿದ್ದವನು. ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾದಿಯಲ್ಲಿ ಎತ್ತಿ ಹಾಕುವುದನ್ನು ತಪ್ಪಿಸಲು ಗಾಳಿ ತುಂಬಿದ ರಬ್ಬರು ಕೊಳವೆಯನ್ನು ಚಕ್ರಕ್ಕೆ ಸುತ್ತಿ, ೧೮೮೮ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು.

ಡನ್ಲಪ್ ಗಾಡಿಗೆ ಕಟ್ಟಿದ ಎತ್ತು ಅದೇ ಹೊರೆಯನ್ನು ಹೊಲದ ಹಾದಿಯಲ್ಲಿ ಕಡಿಮೆ ಆಯಾಸದಿಂದ ಎಳೆಯುತ್ತದೆ. ಕಬ್ಬಿಣದ ಪಟ್ಟಿ ಮಣ್ಣಿನೊಳಕ್ಕೆ ಇಳಿದು ಕೂರುತ್ತದೆ. ಅಗಲವಾದ ಟೈರು ಮಣ್ಣಿನ ಮೇಲೆ ಹರಡಿಕೊಂಡು ಸಾಗುತ್ತದೆ. ಆದರೆ ಗಟ್ಟಿ ನೆಲದ ಮೇಲೆ ನ್ಯಾಯ ತಿರುವುಮುರುವಾಗುತ್ತದೆ. ರೈಲಿನ ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವಷ್ಟು ಸುಲಭವಾಗಿ ಯಾವ ರಬ್ಬರು ಟೈರೂ ರಸ್ತೆಯ ಮೇಲೆ ಉರುಳುವುದಿಲ್ಲ. ಹಾಗಿದ್ದ ಮೇಲೆ ಕಾರಿಗೂ ಉಕ್ಕಿನ ಗಾಲಿ ಏಕೆ ಹಾಕಬಾರದು? ಉಕ್ಕಿಗೆ ರಸ್ತೆಯ ಮೇಲೆ ಹಿಡಿತವಿಲ್ಲ. ಬ್ರೇಕು ಹಾಕಿದರೆ ಜಾರುತ್ತದೆ. ಇಲ್ಲಿಯೇ ನಮ್ಮ ಇಡೀ ವಿಷಯದ ಬೀಜವಿದೆ. ಸುಲಭವಾಗಿ ಉರುಳಬೇಕು, ಬೇಕೆಂದಾಗ ಗಟ್ಟಿಯಾಗಿ ಹಿಡಿಯಬೇಕು — ಈ ಎರಡೂ ಗುಣಗಳನ್ನು ಒಂದೇ ಟೈರಿನಲ್ಲಿ ತರುವುದು ಕಷ್ಟದ ಕೆಲಸ.

ಪೆಟ್ರೋಲು ಎಲ್ಲಿ ಸೋರುತ್ತದೆ?

ಟೈರು ನೆಲಕ್ಕೆ ತಾಗುವ ಜಾಗ ಸುಮಾರು ಒಂದು ಅಂಗೈಯಗಲ. ಚಕ್ರ ತಿರುಗಿದಂತೆಲ್ಲ ಆ ಜಾಗದ ರಬ್ಬರು ಕಾರಿನ ಭಾರಕ್ಕೆ ಅಮುಕಿ ಚಪ್ಪಟೆಯಾಗುತ್ತದೆ, ನೆಲ ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಅಮುಕಲು ವ್ಯಯವಾದ ಶಕ್ತಿಯೆಲ್ಲ ಮರಳುವಾಗ ವಾಪಸು ಬಂದಿದ್ದರೆ ನಷ್ಟವೇನೂ ಇರಲಿಲ್ಲ. ಆದರೆ ರಬ್ಬರು ಪೂರ್ತಿ ವಾಪಸು ಕೊಡುವ ಸಾಲಗಾರನಲ್ಲ. ಮಕ್ಕಳ ಚೆಂಡನ್ನು ಎದೆಯ ಎತ್ತರದಿಂದ ಬಿಟ್ಟು ನೋಡಿ. ಅದು ಕೈವರೆಗೆ ಮರಳಿ ಪುಟಿಯುವುದಿಲ್ಲ. ಕಡಿಮೆಯಾದ ಪುಟಿತ ಎಲ್ಲಿ ಹೋಯಿತು? ಹೆಚ್ಚಿನ ಭಾಗ ಬಿಸಿಯಾಗಿ ಹೋಯಿತು. ದೂರದ ಪ್ರಯಾಣ ಮಾಡಿ ಇಳಿದು ಟೈರನ್ನು ಮುಟ್ಟಿ ನೋಡಿದರೆ ಆ ಬಿಸಿ ಕೈಗೇ ತಿಳಿಯುತ್ತದೆ. ಆ ಬಿಸಿ ನಾವು ಬಂಕಿನಲ್ಲಿ ಹಣ ಕೊಟ್ಟು ತುಂಬಿಸಿದ ಪೆಟ್ರೋಲೇ.

ಈ ತಡೆಗೆ ಶಾಲೆಯ ಪಾಠಪುಸ್ತಕದಲ್ಲಿ ‘ಉರುಳು ಘರ್ಷಣೆ’ ಎಂಬ ಹೆಸರಿದೆ. ಇದನ್ನು ತಗ್ಗಿಸಲು ಟೈರು ತಯಾರಿಸುವವರು ಎರಡು ದೊಡ್ಡ ಉಪಾಯಗಳನ್ನು ಕಂಡುಕೊಂಡರು. ಮೊದಲನೆಯದು, ಟೈರಿನೊಳಗಿನ ನೂಲುಗಳನ್ನು ಓರೆಯಾಗಿ ಹೆಣೆಯುವ ಬದಲು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯಿಸಿ, ಮೇಲೆ ಉಕ್ಕಿನ ತಂತಿಯ ಪಟ್ಟಿ ಕೊಡುವುದು. ಇದೇ ರೇಡಿಯಲ್ ಟೈರು. ಫ್ರಾನ್ಸಿನ ಮಿಶೆಲಿನ್ ಕಂಪನಿ ೧೯೪೬ರಲ್ಲಿ ಇದಕ್ಕೆ ಪೇಟೆಂಟ್ ಪಡೆಯಿತು. ಹಿಂದಿನ ಅಂಬಾಸಿಡರ್ ಕಾರುಗಳಿಗೆ ಓರೆ ನೂಲಿನ ಟೈರುಗಳಿದ್ದವು. ಇಂದಿನ ಕಾರುಗಳಿಗೆಲ್ಲ ರೇಡಿಯಲ್ಲೇ.

ಎರಡನೆಯ ಉಪಾಯ ರಬ್ಬರಿನ ಪಾಕದಲ್ಲಿದೆ. ಟೈರು ಕಪ್ಪಗಿರುವುದು ಅದಕ್ಕೆ ಸೇರಿಸುವ ಕಾಡಿಗೆಯಂಥ ಇಂಗಾಲದ ಪುಡಿಯಿಂದ. ಆ ಪುಡಿಯಿಲ್ಲದೆ ರಬ್ಬರಿಗೆ ಬಾಳಿಕೆಯಿಲ್ಲ. ಅದರ ಬಹುಭಾಗವನ್ನು ತೆಗೆದು, ಮರಳಿನಲ್ಲಿರುವ ಸಿಲಿಕಾ ಎಂಬ ವಸ್ತುವಿನ ನುಣ್ಣನೆಯ ಪುಡಿಯನ್ನು ತಕ್ಕ ಮದ್ದಿನೊಡನೆ ಬೆರೆಸಿದರೆ ರಬ್ಬರು ಉರುಳುವಾಗ ಕಡಿಮೆ ಬಿಸಿಯಾಗುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತವನ್ನೂ ಬಿಡುವುದಿಲ್ಲ. ೧೯೯೦ರ ದಶಕದ ಮೊದಲಲ್ಲಿ ಇಂಥ ಟೈರುಗಳು ಯೂರೋಪಿನ ಮಾರುಕಟ್ಟೆಗೆ ಬಂದವು. ರೈತರಿಗೆ ಕುತೂಹಲವೆನಿಸುವ ಸಂಗತಿಯೊಂದುಂಟು: ಈ ಸಿಲಿಕಾ ಭತ್ತದ ಹೊಟ್ಟನ್ನು ಸುಟ್ಟ ಬೂದಿಯಲ್ಲಿಯೂ ಹೇರಳವಾಗಿದೆ. ಅಮೆರಿಕದ ಗುಡ್‌ಇಯರ್ ಕಂಪನಿ ಹೊಟ್ಟಿನ ಬೂದಿಯಿಂದ ತೆಗೆದ ಸಿಲಿಕಾವನ್ನು ಟೈರಿಗೆ ಬಳಸುವುದಾಗಿ ೨೦೧೪ರಲ್ಲಿ ಪ್ರಕಟಿಸಿತು.

ಎಳೆತದ ಲೆಕ್ಕ

ಲಾಭವೆಷ್ಟು ಎಂಬುದನ್ನು ಈಗ ತೂಗಿ ನೋಡೋಣ. ಜನರೂ ಸೇರಿ ೧,೨೦೦ ಕಿಲೋ ತೂಗುವ ಒಂದು ಸಣ್ಣ ಕಾರನ್ನು ತೆಗೆದುಕೊಳ್ಳಿ. ಒಳ್ಳೆಯ ಡಾಂಬರು ರಸ್ತೆಯಲ್ಲಿ, ಸಮತಟ್ಟಿನಲ್ಲಿ, ಸಾಮಾನ್ಯ ಟೈರಿನ ಉರುಳು ಘರ್ಷಣೆಯನ್ನು ಗೆಲ್ಲಲು ಸುಮಾರು ೧೩ ಕಿಲೋ ಎಳೆತ ಬೇಕು. ಅಂದರೆ ಬಾವಿಯ ರಾಟೆಯಲ್ಲಿ ೧೩ ಕಿಲೋ ತೂಕದ ನೀರಿನ ಕೊಡವನ್ನು ಸೇದುವಷ್ಟು ಬಲ. ಒಳ್ಳೆಯ ಪೆಟ್ರೋಲು ಉಳಿಸುವ ಟೈರಾದರೆ ಸುಮಾರು ೧೦ ಕಿಲೋ ಸಾಕು. ಉಳಿತಾಯ ಮೂರು ಕಿಲೋ ಎಳೆತ.

ಇನ್ನು ಬೇರೆ ತಡೆಗಳನ್ನು ನೋಡಿ. ಇದೇ ಕಾರಿಗೆ ಎದುರುಗಾಳಿಯ ತಡೆ ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿ ಸುಮಾರು ೮ ಕಿಲೋ, ೮೦ರಲ್ಲಿ ೨೧ ಕಿಲೋ, ೧೦೦ರಲ್ಲಿ ೩೩ ಕಿಲೋ. ಐವತ್ತು ಮೀಟರು ಹೋದರೆ ಒಂದು ಮೀಟರು ಏರುವ ದಿಣ್ಣೆಯಲ್ಲಿ ೨೪ ಕಿಲೋ. ಊರೊಳಗಿನ ಮಣ್ಣುಹಾದಿಯಲ್ಲಿ ಟೈರು ಯಾವುದೇ ಇರಲಿ, ೫೦ ಕಿಲೋವಿಗೂ ಮೀರಬಹುದು.

ಈ ಲೆಕ್ಕ ಎರಡು ಮಾತನ್ನು ಹೇಳುತ್ತದೆ. ಒಂದು, ಟೈರಿನ ಉಳಿತಾಯ ನಿಜ. ಎರಡು, ಅದು ಚಿಕ್ಕದು. ಹೆದ್ದಾರಿಯಲ್ಲಿ ೧೦೦ರ ವೇಗವನ್ನು ೮೦ಕ್ಕೆ ಇಳಿಸಿದರೆ ೧೨ ಕಿಲೋ ಎಳೆತ ಉಳಿಯುತ್ತದೆ. ಅದು ಹೊಸ ಟೈರಿನ ಉಳಿತಾಯದ ನಾಲ್ಕರಷ್ಟು, ಮತ್ತು ಅದಕ್ಕೆ ಕಾಸು ಖರ್ಚಿಲ್ಲ.

ಅಮೆರಿಕದ ತಜ್ಞರ ಸಮಿತಿಯೊಂದು ೨೦೦೬ರಲ್ಲಿ ಈ ವಿಷಯವನ್ನು ಪರಿಶೀಲಿಸಿ, ಉರುಳು ಘರ್ಷಣೆ ನೂರಕ್ಕೆ ಹತ್ತರಷ್ಟು ತಗ್ಗಿದರೆ ಪೆಟ್ರೋಲಿನಲ್ಲಿ ನೂರಕ್ಕೆ ಒಂದರಿಂದ ಎರಡರಷ್ಟು ಉಳಿಯುತ್ತದೆಂದು ಹೇಳಿತು. ಪೆಟ್ರೋಲಿನ ಬಹುಭಾಗ ಇಂಜಿನ್ನಿನ ಬಿಸಿಯಾಗಿ ಹೋಗುವುದರಿಂದಲೂ, ಗಾಳಿಯ ತಡೆಯನ್ನು ಟೈರು ತಗ್ಗಿಸಲಾರದ್ದರಿಂದಲೂ ಹೀಗಾಗುತ್ತದೆ. ಹದಿಮೂರು ಕಿಲೋ ಹತ್ತಕ್ಕೆ ಇಳಿದರೆ ನೂರಕ್ಕೆ ಮೂರರಿಂದ ಐದು ಉಳಿಯಬಹುದೆಂದು ತಿಳಿಯೋಣ. ಲೀಟರಿಗೆ ೧೮ ಕೊಡುತ್ತಿದ್ದ ಕಾರು ಹದಿನೆಂಟೂವರೆಯನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಕೊಟ್ಟೀತು. ೨೧ ಕೊಡುವುದಿಲ್ಲ.

ಮೂವರ ಮಾತಿನ ಒಗಟು

ಹಾಗಾದರೆ ಮೊದಲನೆಯವರಿಗೆ ಮೂರು ಕಿಲೋಮೀಟರು ಹೆಚ್ಚು ಹೇಗೆ ಬಂತು? ಅವರನ್ನು ಕೇಳಿದೆವು. ಹೊಸ ಟೈರು ಹಾಕಿಸಿದ್ದು ಹೊಸೂರಿನಲ್ಲಿ. ಅಲ್ಲಿಯೇ ಟ್ಯಾಂಕು ತುಂಬಿಸಿ ಸೇಲಮ್ಮಿಗೆ ಬಂದು ಮತ್ತೆ ತುಂಬಿಸಿ ಲೆಕ್ಕ ಹಾಕಿದ್ದಾರೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು ೮೮೦ ಮೀಟರು ಎತ್ತರದಲ್ಲಿದೆ, ಸೇಲಂ ಸುಮಾರು ೨೮೦ರಲ್ಲಿದೆ. ದಾರಿಯಲ್ಲಿ ಆರು ನೂರು ಮೀಟರು ಇಳಿತ. ನಮ್ಮ ೧,೨೦೦ ಕಿಲೋ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಸಮತಟ್ಟಿನ ಓಟಕ್ಕಿಂತ ಮುಕ್ಕಾಲು ಲೀಟರಿನಿಂದ ಒಂದು ಲೀಟರಿನವರೆಗೆ ಹೆಚ್ಚು ಪೆಟ್ರೋಲು ಬೇಕು. ಇಳಿಯುವಾಗ ಅದರಲ್ಲಿ ಒಂದು ಭಾಗ ಮಿಗುತ್ತದೆ. ಸಮತಟ್ಟಿನಲ್ಲಿ ೧೮ ಕೊಡುವ ಕಾರು ಸೇಲಮ್ಮಿಗೆ ಇಳಿಯುವಾಗ ೧೯-೨೦ ಕೊಡುತ್ತದೆ, ಹೊಸೂರಿಗೆ ಏರುವಾಗ ೧೬-೧೭. ಹಳೆಯ ಟೈರಿನ ಏರು ಲೆಕ್ಕವನ್ನು ಹೊಸ ಟೈರಿನ ಇಳಿ ಲೆಕ್ಕದೊಡನೆ ಹೋಲಿಸಿದರೆ ಮೂರು ಕಿಲೋಮೀಟರು ಹೆಚ್ಚು ಬಾರದೆ ಏನಾದೀತು? ಅದನ್ನು ಕೊಟ್ಟದ್ದು ಬೆಟ್ಟ, ಟೈರಲ್ಲ.

ಎರಡನೆಯವರ ದೂರಿಗೂ ಕಾರಣವುಂಟು. ಹೊಸ ಟೈರಿನ ಮೇಲಣ ರಬ್ಬರು ಏಳೆಂಟು ಮಿಲಿಮೀಟರು ದಪ್ಪವಿರುತ್ತದೆ. ಸವೆದಾಗ ಎರಡೇ ಉಳಿದಿರುತ್ತದೆ. ಅಂದರೆ ಸವೆದ ಚಕ್ರ ತುಸು ಚಿಕ್ಕದು. ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುತ್ತದೆ. ಕಾರಿನ ಮೀಟರು ಎಣಿಸುವುದು ಸುತ್ತುಗಳನ್ನೇ ಹೊರತು ನೆಲವನ್ನಲ್ಲ. ಹೊಸ ಟೈರಿನಲ್ಲಿ ೧೦೦ ಕಿಲೋಮೀಟರು ಎಂದು ತೋರಿಸುವ ಹಾದಿಯನ್ನು ಸವೆದ ಟೈರಿನಲ್ಲಿ ೧೦೨ ಎಂದು ತೋರಿಸುತ್ತದೆ. ಈ ಸುಳ್ಳು ಎರಡು ಕಿಲೋಮೀಟರನ್ನು ಅವರು ಹಳೆಯ ಟೈರಿನ ಮೈಲೇಜೆಂದು ತಿಳಿದಿದ್ದರು. ಹೊಸ ಟೈರು ಬಂದೊಡನೆ ಅದು ಮಾಯವಾಯಿತು.

ಮೂರನೆಯ ಹುಡುಗನ ಮಾತಂತೂ ನಿಜವೇ. ಮೀಟರಿನ ಸುಳ್ಳನ್ನು ಬಿಟ್ಟರೂ, ಅಮುಕುವ ರಬ್ಬರು ಕಡಿಮೆಯಾದಷ್ಟೂ ಬಿಸಿ ಕಡಿಮೆ. ಸವೆದ ಟೈರು ಹೊಸದಕ್ಕಿಂತ ಸುಲಭವಾಗಿ ಉರುಳುತ್ತದೆ. ಆದರೆ ಆ ಮಾತಿಗೆ ತೆರಬೇಕಾದ ಬೆಲೆಯೇನೆಂಬುದನ್ನು ಮುಂದೆ ಹೇಳುತ್ತೇವೆ.

ಸರಿಯಾಗಿ ಅಳೆಯುವುದು ಹೇಗೆ?

ಅಳೆಯುವವರು ಈ ಕ್ರಮವನ್ನು ಅನುಸರಿಸಬೇಕು. ಹೋಗಿ ಬರುವ ಎರಡೂ ದಾರಿ ಸೇರಿಸಿಯೇ ಲೆಕ್ಕ ಹಾಕಬೇಕು. ಒಂದೇ ಬಂಕಿನಲ್ಲಿ, ಒಂದೇ ಪಂಪಿನಲ್ಲಿ, ತಾನಾಗಿ ನಿಲ್ಲುವವರೆಗೆ ಟ್ಯಾಂಕು ತುಂಬಿಸಬೇಕು. ಒಂದು ಟ್ಯಾಂಕಿನ ಲೆಕ್ಕ ನಂಬತಕ್ಕದ್ದಲ್ಲ. ನಾಲ್ಕೈದು ಟ್ಯಾಂಕಿನ ಲೆಕ್ಕವನ್ನು ಕೂಡಿಸಿ ಭಾಗಿಸಬೇಕು. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ನೋಡಿಕೊಂಡು ಮೀಟರಿನ ತಪ್ಪನ್ನು ತಿದ್ದಿಕೊಳ್ಳಬೇಕು. ಇಪ್ಪತ್ತು ಕಲ್ಲು ದಾಟುವಷ್ಟರಲ್ಲಿ ಮೀಟರು ಎಷ್ಟು ತೋರಿಸಿತೆಂದು ಬರೆದಿಟ್ಟರೆ ಸಾಕು. ಹೊರೆ, ವೇಗ, ಏರ್‌ಕಂಡಿಷನರಿನ ಬಳಕೆ ಎರಡು ಸಲವೂ ಒಂದೇ ಬಗೆಯಾಗಿರಬೇಕು. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಈ ಲೆಕ್ಕವನ್ನು ಅವರ ಕೈಗೆ ಕೊಡಿ. ಸರಾಸರಿಯ ಪಾಠ ಇದಕ್ಕಿಂತ ಚೆನ್ನಾಗಿ ತಲೆಗೆ ಹತ್ತುವ ದಾರಿ ಬೇರೊಂದಿಲ್ಲ.

ಗಾಳಿಯೇ ಮೊದಲ ಉಳಿತಾಯ

ದುಬಾರಿ ಟೈರು ಕೊಂಡು ಗಾಳಿಯನ್ನು ಮರೆಯುವುದು, ಹೆಚ್ಚು ಹಾಲು ಕೊಡುವ ಹಸುವನ್ನು ತಂದು ಮೇವು ಹಾಕದಿದ್ದಂತೆ. ಗಾಳಿ ಕಡಿಮೆಯಾದ ಟೈರು ಹೆಚ್ಚು ಚಪ್ಪಟೆಯಾಗುತ್ತದೆ, ಹೆಚ್ಚು ಬಿಸಿಯಾಗುತ್ತದೆ. ನಾಲ್ಕು ಟೈರುಗಳಲ್ಲಿಯೂ ಒಂದೊಂದು ಪೌಂಡು ಗಾಳಿ ಕಡಿಮೆಯಾದರೆ ಮೈಲೇಜು ನೂರಕ್ಕೆ ೦.೨ರಷ್ಟು ಇಳಿಯುತ್ತದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ೩೩ ಪೌಂಡು ಇರಬೇಕಾದಲ್ಲಿ ೨೩ ಇದ್ದರೆ ನೂರಕ್ಕೆ ಎರಡು ಹೋಯಿತು. ಹೊಸ ಟೈರಿಗೆ ಕೊಟ್ಟ ಹೆಚ್ಚಿನ ಬೆಲೆಯ ಫಲದಲ್ಲಿ ಹೆಚ್ಚು ಕಡಿಮೆ ಅರ್ಧ ಅಲ್ಲಿಗೆ ಮುಗಿಯಿತು.

ಈ ತಪ್ಪನ್ನು ನಾವೂ ಮಾಡಿದವರೇ. ಕೊಯ್ಲಿನ ಕಾಲದಲ್ಲಿ ಎರಡು ತಿಂಗಳು ಗಾಳಿ ನೋಡದೆ ಕಾರು ಓಡಿಸಿದೆವು. ಕಣ್ಣಿಗೆ ಟೈರು ಸರಿಯಾಗಿಯೇ ಕಾಣುತ್ತಿತ್ತು. ಬಂಕಿನಲ್ಲಿ ಅಳೆಸಿದಾಗ ಒಂದರಲ್ಲಿ ೨೧, ಇನ್ನೊಂದರಲ್ಲಿ ೨೪. ಎರಡರ ಅಂಚುಗಳೂ ಸವೆದು, ನಡುವಿನ ರಬ್ಬರು ಮಾತ್ರ ಹೊಸದರಂತಿತ್ತು. ಇನ್ನೂ ಬಹುದೂರ ಓಡಬೇಕಾಗಿದ್ದ ಟೈರುಗಳನ್ನು ನಮ್ಮ ಅಲಕ್ಷ್ಯದಿಂದ ಎಸೆಯಬೇಕಾಯಿತು. ರೇಡಿಯಲ್ ಟೈರಿನ ಪಕ್ಕ ಗಾಳಿ ಸರಿಯಿದ್ದಾಗಲೂ ತುಸು ಉಬ್ಬಿಕೊಂಡೇ ಕಾಣುವುದರಿಂದ ಕಣ್ಣಳತೆಯನ್ನೂ ಕಾಲಿನಲ್ಲಿ ಒದ್ದು ನೋಡುವ ಪದ್ಧತಿಯನ್ನೂ ನಂಬಕೂಡದು. ನಷ್ಟವಾದದ್ದು ಹಣ ಮಾತ್ರ ಎಂಬುದು ನಮ್ಮ ಪುಣ್ಯ. ಬೇಸಗೆಯ ಮಧ್ಯಾಹ್ನ ತುಂಬಿದ ಕಾರಿನಲ್ಲಿ ವೇಗವಾಗಿ ಹೋಗುವಾಗ ಗಾಳಿ ಕಡಿಮೆಯಿರುವ ಟೈರು ಕಾದು ಸಿಡಿಯುವುದುಂಟು.

ಎಷ್ಟು ಗಾಳಿ ಬೇಕೆಂಬುದನ್ನು ಕಾರಿನ ಕಂಪನಿಯವರು ಚಾಲಕನ ಬಾಗಿಲ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತಾರೆ. ತುಂಬಿದ ಹೊರೆಗೆ ಬೇರೆ ಅಂಕಿ ಇದ್ದರೆ ಅದೂ ಅಲ್ಲಿಯೇ ಇರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ ಟೈರು ತಡೆಯಬಲ್ಲ ಅತಿ ಹೆಚ್ಚಿನ ಒತ್ತಡ. ಅದನ್ನು ನೋಡಿ ಗಾಳಿ ತುಂಬಿಸಬಾರದು. ಗಾಳಿ ಅಳೆಯುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ಓಡಿ ಬಿಸಿಯಾದ ಟೈರು ನಾಲ್ಕೈದು ಪೌಂಡು ಹೆಚ್ಚು ತೋರಿಸುತ್ತದೆ. ಅದನ್ನು ಹೆಚ್ಚೆಂದು ಬಗೆದು ಬಿಡಿಸಿಬಿಟ್ಟರೆ ತಣಿದ ಮೇಲೆ ಕಡಿಮೆಯಾಗಿರುತ್ತದೆ. ಎಷ್ಟು ಚೆನ್ನಾದ ಟೈರಾದರೂ ತಿಂಗಳಿಗೆ ಒಂದೆರಡು ಪೌಂಡು ತಾನಾಗಿ ಇಳಿಯುವುದು ಸಹಜ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ನೋಡಿಸಿ. ಸ್ಟೆಪ್ನಿಯನ್ನು ಮರೆಯಬೇಡಿ.

ಹೆಚ್ಚು ಮೈಲೇಜಿನ ಆಸೆಗೆ ೪೦-೪೫ ಪೌಂಡು ತುಂಬಿಸುವವರೂ ಇದ್ದಾರೆ. ಉರುಳುವುದು ಸುಲಭವಾಗುವುದೇನೋ ನಿಜ. ಆದರೆ ನೆಲಕ್ಕೆ ತಾಗುವ ಅಂಗೈಯಗಲ ಇನ್ನೂ ಚಿಕ್ಕದಾಗಿ ಬ್ರೇಕಿನ ಹಿಡಿತ ಕೆಡುತ್ತದೆ, ಟೈರಿನ ನಡುಭಾಗ ಬೇಗ ಸವೆಯುತ್ತದೆ, ಗುಂಡಿಯ ಪೆಟ್ಟಿಗೆ ಪಕ್ಕ ಒಡೆಯುತ್ತದೆ. ನೈಟ್ರೋಜನ್ ತುಂಬಿಸಬೇಕೇ ಎಂದು ಕೇಳುವವರಿಗೆ ಒಂದು ಮಾತು: ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ ೭೮ ಭಾಗ ನೈಟ್ರೋಜನ್ನಿದೆ. ಹಣ ಕೊಟ್ಟು ಅದನ್ನು ತುಂಬಿಸಿ ಆರು ತಿಂಗಳು ನೋಡದಿರುವುದಕ್ಕಿಂತ ಸಾಮಾನ್ಯ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ನೋಡಿಸುವುದು ಮೇಲು.

ತೊಪ್ಪೂರಿನ ಇಳಿಜಾರಿನಲ್ಲಿ

ಈಗ ಬಾಡಿಗೆ ಕಾರಿನ ಹುಡುಗನ ಕಥೆಗೆ ಬರೋಣ. ಐಪ್ಪಸಿ ಮಳೆಯ ಒಂದು ಸಂಜೆ ಅವನು ಧರ್ಮಪುರಿಯಿಂದ ಸೇಲಮ್ಮಿಗೆ ಇಬ್ಬರು ಮುದುಕರನ್ನು ಕೂರಿಸಿಕೊಂಡು ತೊಪ್ಪೂರು ಘಾಟಿ ಇಳಿಯುತ್ತಿದ್ದನು. ಮುಂದಿನ ಲಾರಿ ಒಮ್ಮೆಲೆ ನಿಧಾನವಾಯಿತು. “ಬ್ರೇಕು ಒತ್ತಿದೆ ಮೇಷ್ಟ್ರೇ, ಕಾರು ನನ್ನ ಮಾತೇ ಕೇಳಲಿಲ್ಲ. ನೀರಿನ ಮೇಲೆ ದೋಣಿ ಹೋದಂತೆ ಹೋಯಿತು” ಎಂದ. ಲಾರಿಯ ಹಿಂಭಾಗಕ್ಕೆ ಒಂದು ಮಾರು ಉಳಿದಾಗ ಕಾರು ನಿಂತಿತು. ಮರುದಿನವೇ ನಾಲ್ಕು ಟೈರುಗಳನ್ನೂ ಬದಲಾಯಿಸಿದ. ನೂಲು ಕಾಣುವವರೆಗೆ ಕಾಯುವ ಮಾತನ್ನು ಈಗ ಅವನು ಆಡುವುದಿಲ್ಲ.

ಟೈರಿನ ಮೇಲಣ ಗೀರುಗಳು ಇರುವುದು ಚೆಂದಕ್ಕಲ್ಲ, ಮಳೆನೀರನ್ನು ಪಕ್ಕಕ್ಕೆ ಹರಿಸುವುದಕ್ಕೆ. ಹೊಲದಲ್ಲಿ ಬಸಿಗಾಲುವೆ ಹೂತುಹೋದರೆ ನೀರು ನಿಲ್ಲುವಂತೆ, ಗೀರು ಸವೆದುಹೋದರೆ ಟೈರಿಗೂ ರಸ್ತೆಗೂ ನಡುವೆ ನೀರು ನಿಂತು ಹಿಡಿತ ತಪ್ಪುತ್ತದೆ. ಕಾರಿಗೆ ಗೀರಿನ ಆಳ ೧.೬ ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ನಮ್ಮ ದೇಶದ ಮೋಟಾರು ವಾಹನ ನಿಯಮ. ಗೀರಿನ ತಳದಲ್ಲಿ ಅಲ್ಲಲ್ಲಿ ಚಿಕ್ಕ ದಿಬ್ಬಗಳಿರುತ್ತವೆ. ಮೇಲಿನ ರಬ್ಬರು ಸವೆದು ಆ ದಿಬ್ಬಗಳ ಮಟ್ಟಕ್ಕೆ ಬಂದಾಗ ಕಾಲ ಮುಗಿಯಿತೆಂದು ಅರ್ಥ. ಮಳೆಗಾಲಕ್ಕೆ ಮುಂಚೆ ಮೂರು ಮಿಲಿಮೀಟರಿರುವಾಗಲೇ ಬದಲಾಯಿಸುವುದು ಜಾಣತನ.

ತೊಪ್ಪೂರಿನಲ್ಲಿ ೨೦೨೦ರ ಡಿಸೆಂಬರಿನಲ್ಲಿಯೂ ೨೦೨೪ರ ಜನವರಿಯಲ್ಲಿಯೂ ಲಾರಿಗಳು ಹತೋಟಿ ತಪ್ಪಿ ಮುಂದಿದ್ದ ವಾಹನಗಳ ಮೇಲೆ ನುಗ್ಗಿ ಜನ ಪ್ರಾಣ ಕಳೆದುಕೊಂಡದ್ದನ್ನು ನಮ್ಮ ಸೀಮೆ ಮರೆತಿಲ್ಲ. ಆ ಇಳಿಜಾರಿನಲ್ಲಿ ಇಂಧನ ಉಳಿಸಲೆಂದು ಗೇರು ತೆಗೆದು ನ್ಯೂಟ್ರಲ್ಲಿನಲ್ಲಿ ವಾಹನ ಬಿಡುವ ಕೆಟ್ಟ ಚಾಳಿಯೂ ಉಂಟು. ಇಂದಿನ ಇಂಜೆಕ್ಷನ್ ಇಂಜಿನ್ನುಗಳಲ್ಲಿ ಗೇರಿನಲ್ಲಿಯೇ ಇದ್ದು ಆಕ್ಸಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲು ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿಯೇ ಇಂಜಿನ್ನು ಆರದಂತಿರಲು ಪೆಟ್ರೋಲು ಖರ್ಚಾಗುತ್ತದೆ. ಹೀಗಾಗಿ ನ್ಯೂಟ್ರಲ್ ಹಾಕುವವನು ಉಳಿಸುವುದು ಏನೂ ಇಲ್ಲ, ಇಂಜಿನ್ನಿನ ಹಿಡಿತವನ್ನು ಕಳೆದುಕೊಳ್ಳುತ್ತಾನೆ ಅಷ್ಟೆ.

ಆದ್ದರಿಂದ ಪೆಟ್ರೋಲು ಉಳಿಸುವ ಟೈರನ್ನು ಕೊಳ್ಳುವಾಗ 'ಒದ್ದೆ ರಸ್ತೆಯಲ್ಲಿ ಹಿಡಿತ ಹೇಗೆ?' ಎಂಬ ಪ್ರಶ್ನೆಯನ್ನು ಮೈಲೇಜಿನ ಪ್ರಶ್ನೆಗಿಂತ ಮೊದಲು ಕೇಳಬೇಕು. ಯೂರೋಪಿನಲ್ಲಿ ೨೦೧೨ರಿಂದ ಟೈರಿನ ಮೇಲೆ ಇವೆರಡನ್ನೂ ಪ್ರತ್ಯೇಕ ದರ್ಜೆಗಳಲ್ಲಿ ಬರೆಯಬೇಕೆಂಬ ಕಾನೂನಿದೆ. ನಮ್ಮ ಕೇಂದ್ರ ಸರಕಾರವೂ ೨೦೨೨ರಲ್ಲಿ ಟೈರಿನ ಉರುಳು ಘರ್ಷಣೆ, ಒದ್ದೆ ಹಿಡಿತ, ಸದ್ದು ಈ ಮೂರಕ್ಕೂ ಮಿತಿಗಳನ್ನು ಗೊತ್ತುಪಡಿಸುವ ನಿಯಮವನ್ನು ಹೊರಡಿಸಿತು. ಫ್ರಿಜ್ಜು, ಫ್ಯಾನುಗಳಿಗಿರುವಂತೆ ಟೈರಿಗೂ ನಕ್ಷತ್ರದ ಚೀಟಿಯನ್ನು ಇಂಧನ ದಕ್ಷತಾ ಬ್ಯೂರೋ ತಂದಿದೆ. ನಕ್ಷತ್ರ ಹೆಚ್ಚಿದ್ದಷ್ಟೂ ಉರುಳು ಘರ್ಷಣೆ ಕಡಿಮೆ.

ಯಾರಿಗೆ ಲಾಭ?

ಲೆಕ್ಕದ ಸೌಕರ್ಯಕ್ಕಾಗಿ ಲೀಟರಿಗೆ ೧೦೦ ರೂಪಾಯಿ, ಮೈಲೇಜು ೧೬, ಉಳಿತಾಯ ನೂರಕ್ಕೆ ನಾಲ್ಕು ಎಂದಿಟ್ಟುಕೊಳ್ಳಿ. ವರ್ಷಕ್ಕೆ ೪,೦೦೦ ಕಿಲೋಮೀಟರು ಓಡುವ ಮನೆಯ ಕಾರಿಗೆ ೨೫೦ ಲೀಟರು ಬೇಕು. ಉಳಿಯುವುದು ೧೦ ಲೀಟರು, ೧,೦೦೦ ರೂಪಾಯಿ. ವರ್ಷಕ್ಕೆ ೪೦,೦೦೦ ಕಿಲೋಮೀಟರು ಓಡುವ ಬಾಡಿಗೆ ಕಾರಿಗೆ ಉಳಿಯುವುದು ೧೦೦ ಲೀಟರು, ೧೦,೦೦೦ ರೂಪಾಯಿ. ನಾಲ್ಕು ಟೈರುಗಳಿಗೆ ಹೆಚ್ಚಾಗಿ ಕೊಡಬೇಕಾದ ಬೆಲೆಯನ್ನು ಅಂಗಡಿಯಲ್ಲಿ ಕೇಳಿ ಈ ಅಂಕಿಗಳೊಡನೆ ತೂಗಿ ನೋಡಿದರೆ ನಿರ್ಧಾರ ತಾನಾಗಿ ತಿಳಿಯುತ್ತದೆ.

ಹೆದ್ದಾರಿಯಲ್ಲಿಯೇ ಹೆಚ್ಚು ಓಡುವವರಿಗೆ ಈ ಟೈರು ಒಳ್ಳೆಯದು. ಅಂಚೆಟ್ಟಿಯ ಕಡೆಯ ಹಾಗೆ ಕಲ್ಲುಮಣ್ಣಿನ ಹಾದಿಯಲ್ಲಿ ದಿನವೂ ಓಡುವವರಿಗೆ ಅಷ್ಟಾಗಿ ಬೇಕಿಲ್ಲ. ಇಂಥ ಟೈರುಗಳಲ್ಲಿ ಕೆಲವು ಹಗುರವಾಗಿರುವುದರಿಂದ ಚೂಪುಗಲ್ಲಿನ ಹಾದಿಗೆ ಪಕ್ಕ ಗಟ್ಟಿಯಿರುವುದನ್ನೇ ಆರಿಸಬೇಕು. ವಯಸ್ಸಾದ ಟೈರನ್ನು ಕೊಳ್ಳಬೇಡಿ. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ‘೨೩೨೪’ ಎಂದರೆ ೨೦೨೪ರ ಇಪ್ಪತ್ತಮೂರನೆಯ ವಾರ. ಕಾರಿನ ಕಂಪನಿ ಹೇಳಿದ ಅಳತೆಯನ್ನು ಮೀರಿ ಅಗಲದ ಟೈರು ಹಾಕಿಸಬೇಡಿ. ಚಕ್ರಗಳ ಅಲೈನ್‌ಮೆಂಟ್ ಸೊಟ್ಟಗಿದ್ದರೆ ಟೈರು ಉರುಳುವ ಬದಲು ಉಜ್ಜಿಕೊಂಡು ಹೋಗುತ್ತದೆ. ಅದನ್ನೂ ಸರಿಪಡಿಸಿಕೊಳ್ಳಿ.

ಟ್ರ್ಯಾಕ್ಟರಿಗೆ ಮಾತ್ರ ಬೇರೆ ನ್ಯಾಯ. ಹೊಲದಲ್ಲಿ ಅದರ ಹಿಂದಿನ ಟೈರಿಗೆ ಗಾಳಿ ಕಡಿಮೆಯಿದ್ದರೇ ಮಣ್ಣನ್ನು ಚೆನ್ನಾಗಿ ಹಿಡಿಯುತ್ತದೆ, ನೆಲವೂ ಕಡಿಮೆ ಗಟ್ಟಿಯಾಗುತ್ತದೆ. ಟ್ರೈಲರು ಕಟ್ಟಿ ರಸ್ತೆಗೆ ಬಂದಾಗ ಗಾಳಿ ಹೆಚ್ಚಿಸಬೇಕು. ಎಷ್ಟೆಂಬುದನ್ನು ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಒಟ್ಟಿನಲ್ಲಿ ಹೇಳುವುದಾದರೆ, ಪೆಟ್ರೋಲು ಉಳಿಸುವ ಟೈರು ಮೋಸವೂ ಅಲ್ಲ, ಮಾಟವೂ ಅಲ್ಲ. ರೂಪಾಯಿಗೆ ಮೂರು ನಾಲ್ಕು ಪೈಸೆ ಉಳಿಸುತ್ತದೆ. ಅದೂ ಗಾಳಿಯನ್ನು ನೋಡಿಕೊಂಡವನಿಗೆ, ವೇಗವನ್ನು ಹಿಡಿದವನಿಗೆ. ಹಿಂದೆ ಗಾಡಿ ಹೊಡೆಯುವವನು ಎಷ್ಟೇ ಅವಸರವಿರಲಿ, ಕೀಲೆಣ್ಣೆ ಹಾಕಿ, ಕಡಾಣಿ ಮುಟ್ಟಿ ನೋಡದೆ ಎತ್ತನ್ನು ಹೂಡುತ್ತಿರಲಿಲ್ಲ. ಕಾರಿನ ಬಾಗಿಲು ತೆಗೆಯುವ ಮೊದಲು ನಾಲ್ಕು ಚಕ್ರಗಳ ಸುತ್ತ ಒಂದು ಸಲ ಹಾಗೆಯೇ ನೋಡಿ ಬನ್ನಿ.